ನಾಲ್ವರ ಪಾಲಿನ ಒಂದು ಕುದುರೆ: ರೇಸ್ ಕುದುರೆಯ ಮಾಲೀಕರಾಗುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ನಾನು ಮೈಸೂರಿನಲ್ಲಿ ತೆರಿಗೆ ಸಲಹೆಗಾರ. ಕಾಲೇಜಿನ ದಿನಗಳಿಂದಲೂ ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್ ಕೋರ್ಸಿಗೆ ಹೋಗುವ ಅಭ್ಯಾಸವಿದ್ದರೂ, 2021ರ ಆರಂಭದವರೆಗೆ ನಾನು ಗ್ಯಾಲರಿಯಲ್ಲಿ ನಿಂತು ನೋಡುವವನಷ್ಟೇ ಆಗಿದ್ದೆ. ಆ ವರ್ಷ ಮೂವರು ಗೆಳೆಯರೊಂದಿಗೆ ಸೇರಿ ಎರಡು ವರ್ಷದ ಒಂದು ಹೆಣ್ಣು ಕುದುರೆಯನ್ನು ಪಡೆದೆವು. ಅದು ನಾಲ್ಕು ವರ್ಷಗಳ ಕಾಲ ನಮ್ಮ ಹೆಸರಿನಲ್ಲಿದ್ದು, ಬೆಂಗಳೂರು ಮತ್ತು ಮೈಸೂರಿನಲ್ಲಿ ಓಡಿ, ಈಗ ಬೇರೆ ಕೆಲಸಕ್ಕೆ ಹೋಗಿದೆ. ಈ ಅವಧಿಯಲ್ಲಿ ಪರಿಚಿತರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಬಹುತೇಕ ಒಂದೇ: ಕುದುರೆಗೆ ಎಷ್ಟು ಕೊಟ್ಟಿರಿ? ನಾವು ಕೊಟ್ಟದ್ದು ಬಹಳ ಕಡಿಮೆ ಎಂದರೆ ಅವರಿಗೆ ಅಚ್ಚರಿ. ಆದರೆ ಮಾಲೀಕನ ಹಣ ಹೋಗುವುದು ಕುದುರೆಯ ಬೆಲೆಗಿಂತ ಹೆಚ್ಚಾಗಿ ಅದು ಲಾಯದಲ್ಲಿ ನಿಂತಿರುವ ತಿಂಗಳುಗಳಿಗೆ. ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳದೆ ಹರಾಜಿನ ಕಡೆ ಹೆಜ್ಜೆ ಇಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಕುದುರೆಯನ್ನು ಪಡೆಯುವ ದಾರಿಗಳು ಹಲವು. ಹರಾಜಿನಲ್ಲಿ ಕೊಳ್ಳಬಹುದು, ಕುದುರೆಗಳ ತಳಿ ಬೆಳೆಸುವ ಸ್ಟಡ್ ಫಾರಂಗೆ ನೇರವಾಗಿ ಹೋಗಿ ವ್ಯವಹಾರ ಕುದುರಿಸಬಹುದು, ಆಗಲೇ ಓಡುತ್ತಿರುವ ಕುದುರೆಯಲ್ಲಿ ಪಾಲು ತೆಗೆದುಕೊಳ್ಳಬಹುದು, ಅಥವಾ ನಾವು ಮಾಡಿದಂತೆ ಲೀಸಿಗೆ ಪಡೆಯಬಹುದು. ಲೀಸಿನ ಪದ್ಧತಿ ಹೆಣ್ಣು ಕುದುರೆಗಳ ವಿಷಯದಲ್ಲಿ ಹೆಚ್ಚು ರೂಢಿಯಲ್ಲಿದೆ, ಏಕೆಂದರೆ ಒಳ್ಳೆಯ ತಳಿಯ ಹೆಣ್ಣನ್ನು ಮುಂದೆ ಮರಿ ಹಾಕಿಸಲು ಉಳಿಸಿಕೊಳ್ಳಬೇಕೆಂಬ ಆಸೆ ಸ್ಟಡ್ ಫಾರಂನವರಿಗೆ ಇದ್ದೇ ಇರುತ್ತದೆ. ಕುದುರೆ ಓಡುವಷ್ಟು ಕಾಲ ಅದರ ಖರ್ಚೆಲ್ಲ ಲೀಸುದಾರರದು. ಗೆದ್ದ ಬಹುಮಾನದ ಹಣದಲ್ಲಿ ಒಂದು ಪಾಲನ್ನು ಫಾರಂಗೆ ಕೊಡಬೇಕು. ಈ ಪಾಲಿಗೆ ರೇಸಿನ ವಲಯದಲ್ಲಿ ಕಂಟಿಂಜೆನ್ಸಿ ಎನ್ನುತ್ತಾರೆ. ಓಟ ಮುಗಿದ ಮೇಲೆ ಕುದುರೆ ಫಾರಂಗೆ ಹಿಂತಿರುಗುತ್ತದೆ. ಲಕ್ಷಗಟ್ಟಲೆ ಬಂಡವಾಳ ಒಮ್ಮೆಗೇ ಹೂಡದೆ ಪ್ರವೇಶ ಪಡೆಯುವುದಕ್ಕೆ ಇದು ಅನುಕೂಲ. ಆದರೆ ಕುದುರೆ ಚೆನ್ನಾಗಿ ಓಡಿ ಅದರ ಬೆಲೆ ಏರಿದರೆ ಆ ಏರಿಕೆಯ ಲಾಭ ನಿಮ್ಮದಲ್ಲ ಎಂಬುದನ್ನು ಕರಾರಿಗೆ ಸಹಿ ಹಾಕುವ ಮೊದಲೇ ಒಪ್ಪಿಕೊಂಡಿರಬೇಕು.

ಕರ್ನಾಟಕದವರಿಗೆ ಸ್ಟಡ್ ಫಾರಂ ಎಂದ ಕೂಡಲೇ ನೆನಪಾಗುವುದು ಟಿಪ್ಪು ಸುಲ್ತಾನನ ಕಾಲದಿಂದ ಕುದುರೆಗಳನ್ನು ಕಂಡಿರುವ ಕುಣಿಗಲ್. ನಮ್ಮ ಕುದುರೆ ಬಂದದ್ದು ಅಲ್ಲಿಂದಲ್ಲ, ಮಹಾರಾಷ್ಟ್ರದ ಒಂದು ಫಾರಂನಿಂದ. ಅದನ್ನು ನೋಡಲು ಹೋಗುವಾಗ ನಮ್ಮ ಟ್ರೇನರ್ ಮತ್ತು ಒಬ್ಬ ಪಶುವೈದ್ಯರನ್ನು ಜೊತೆಗೆ ಕರೆದುಕೊಂಡು ಹೋದೆವು. ಕ್ಯಾಟಲಾಗಿನ ಪುಟದಲ್ಲಿ ತಂದೆಯ ಹೆಸರು ದೊಡ್ಡದಾಗಿ ಕಾಣುತ್ತದೆ. ಆದರೆ ಟ್ರೇನರ್ ಓದಿದ್ದು ತಾಯಿಯ ಸಾಲನ್ನು. ಆ ತಾಯಿ ಈವರೆಗೆ ಹಾಕಿದ ಮರಿಗಳಲ್ಲಿ ಎಷ್ಟು ಓಡಿದವು, ಎಷ್ಟು ಗೆದ್ದವು, ಎಷ್ಟು ದೂರದ ರೇಸಿನಲ್ಲಿ ಗೆದ್ದವು ಎಂಬುದನ್ನು ಬೆರಳಿಟ್ಟು ಎಣಿಸಿದರು. ಒಂದು ಗಂಡು ಕುದುರೆ ಒಂದೇ ವರ್ಷದಲ್ಲಿ ಹತ್ತಾರು ಮರಿಗಳಿಗೆ ತಂದೆಯಾಗಬಲ್ಲದು. ತಾಯಿಗೆ ವರ್ಷಕ್ಕೆ ಒಂದೇ ಮರಿ. ಹೀಗಾಗಿ ಅವಳ ದಾಖಲೆ ಚಿಕ್ಕದಾದರೂ ನಮ್ಮ ಮುಂದೆ ನಿಂತಿರುವ ಮರಿಗೆ ಹೆಚ್ಚು ಹತ್ತಿರದ್ದು ಎಂಬುದು ಅವರ ವಾದ. ನಂತರ ಹುಟ್ಟಿದ ತಿಂಗಳನ್ನು ಕೇಳಿದರು. ಭಾರತದಲ್ಲಿ ಎಲ್ಲ ರೇಸ್ ಕುದುರೆಗಳಿಗೂ ಜನವರಿ 1ರಂದು ಒಂದು ವರ್ಷ ತುಂಬಿದಂತೆ ಲೆಕ್ಕ. ಜನವರಿಯಲ್ಲಿ ಹುಟ್ಟಿದ ಮರಿಯೂ ಮೇ ತಿಂಗಳಲ್ಲಿ ಹುಟ್ಟಿದ ಮರಿಯೂ ಕಾಗದದ ಮೇಲೆ ಒಂದೇ ವಯಸ್ಸಿನವು. ಎರಡು ವರ್ಷದ ಎಳೆ ಪ್ರಾಯದಲ್ಲಿ ಈ ನಾಲ್ಕು ತಿಂಗಳ ಅಂತರ ಮೈಕಟ್ಟಿನಲ್ಲಿ ಎದ್ದು ಕಾಣುತ್ತದೆ.

ಕುದುರೆಯನ್ನು ಹೊರಗೆ ತಂದ ಮೇಲೆ ವೈದ್ಯರು ಅದನ್ನು ನಡೆಸಿ ನೋಡಿದರು. ನಮ್ಮ ಕಡೆಗೆ ಬರುವಾಗ ಮುಂಗಾಲುಗಳು ನೇರವಾಗಿ ಬೀಳುತ್ತವೆಯೇ, ಹಿಂತಿರುಗಿ ಹೋಗುವಾಗ ಹಿಂಗಾಲುಗಳು ಅದೇ ಗೆರೆಯಲ್ಲಿ ಸಾಗುತ್ತವೆಯೇ, ಪಕ್ಕದಿಂದ ನೋಡಿದಾಗ ಮುಂಗಾಲಿನ ಮೊಣಕಾಲು ಹಿಂದಕ್ಕೆ ಬಾಗಿದಂತೆ ಕಾಣುತ್ತದೆಯೇ ಎಂದು ಪರೀಕ್ಷಿಸಿದರು. ಹಿಂದಕ್ಕೆ ಬಾಗಿದ ಮೊಣಕಾಲು ವೇಗದ ಓಟದ ಭಾರವನ್ನು ಬಹುಕಾಲ ತಾಳುವುದಿಲ್ಲವಂತೆ. ಬಳಿಕ ಗಂಟಲಿಗೆ ಎಂಡೋಸ್ಕೋಪಿ. ಕುದುರೆ ಉಸಿರಾಡುವುದು ಮೂಗಿನಿಂದ ಮಾತ್ರ, ಬಾಯಿಂದ ಉಸಿರೆಳೆಯಲು ಅದಕ್ಕೆ ಬರುವುದಿಲ್ಲ. ಆದ್ದರಿಂದ ಗಂಟಲಿನ ಎಡಭಾಗ ಪೂರ್ತಿಯಾಗಿ ತೆರೆದುಕೊಳ್ಳದಿದ್ದರೆ ಎಷ್ಟೇ ಒಳ್ಳೆಯ ಕಾಲುಗಳಿದ್ದರೂ ಕೊನೆಯ 400 ಮೀಟರಿನಲ್ಲಿ ಗಾಳಿ ಸಾಲದೆ ಹಿಂದೆ ಬೀಳುತ್ತದೆ. ಎಂಡೋಸ್ಕೋಪಿಗೂ ಎಕ್ಸ್‌ರೇಗೂ ಆಗುವ ಖರ್ಚನ್ನು ಉಳಿಸಲು ನೋಡುವವರನ್ನು ನಾನು ಕಂಡಿದ್ದೇನೆ. ಅದು ಒಂದು ತಿಂಗಳ ಲಾಯದ ಬಿಲ್ಲಿಗಿಂತ ಕಡಿಮೆ.

ಅಲ್ಲೇ ಕುದುರೆಯ ಪಾಸ್‌ಪೋರ್ಟನ್ನೂ ಕೈಗೆ ಕೊಟ್ಟರು. ಕುದುರೆಗಳ ವಂಶಾವಳಿ ದಾಖಲಿಸುವ, ಪುಣೆಯಲ್ಲಿರುವ ಸ್ಟಡ್ ಬುಕ್ ಪ್ರಾಧಿಕಾರದಲ್ಲಿ ನೋಂದಣಿಯಾಗದ, ತಂದೆತಾಯಿ ಯಾರೆಂದು ಡಿಎನ್‌ಎ ಪರೀಕ್ಷೆಯಿಂದ ಖಚಿತವಾಗದ ಥರೋಬ್ರೆಡ್ (ರೇಸಿಗೆಂದೇ ಬೆಳೆಸುವ ತಳಿಯ ಕುದುರೆ) ನಮ್ಮ ರೇಸ್ ಕೋರ್ಸುಗಳಲ್ಲಿ ಓಡುವಂತಿಲ್ಲ. ಕುತ್ತಿಗೆಯಲ್ಲಿ ಮೈಕ್ರೋಚಿಪ್ ಇರುತ್ತದೆ; ಪಾಸ್‌ಪೋರ್ಟಿನಲ್ಲಿ ಕುದುರೆಯ ರೇಖಾಚಿತ್ರವಿದ್ದು, ಹಣೆಯ ಬಿಳಿ ಗುರುತು, ಕಾಲಿನ ಬಿಳುಪು, ಮೈಮೇಲಿನ ಸುಳಿಗಳು ಎಲ್ಲವನ್ನೂ ಅದರಲ್ಲಿ ಗುರುತಿಸಿರುತ್ತಾರೆ. ನಮ್ಮ ಹಿರಿಯರು ದನ, ಕುದುರೆ ಕೊಳ್ಳುವಾಗ ಸುಳಿ ನೋಡಿ ಒಳಿತು ಕೆಡುಕು ಹೇಳುತ್ತಿದ್ದರು. ಗೆಳೆಯನ ತಂದೆಯವರು ಆ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, ಹಣೆಯ ಮೇಲೆ ಸುಳಿ ಇರುವ ಜಾಗ ಒಳ್ಳೆಯದೇ ಇದೆ ಎಂದು ಪ್ರಮಾಣಪತ್ರ ಕೊಟ್ಟರು. ವೈದ್ಯರ ವರದಿಯ ಜೊತೆಗೆ ಅದೂ ನಮಗೆ ಸಮಾಧಾನ ತಂದಿತು ಎಂದು ಹೇಳಲು ನನಗೆ ಸಂಕೋಚವಿಲ್ಲ.

ಕಾಗದಪತ್ರಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹಣವಿದ್ದ ಮಾತ್ರಕ್ಕೆ ಯಾರೂ ಮಾಲೀಕರಾಗಲು ಸಾಧ್ಯವಿಲ್ಲ. ರೇಸು ನಡೆಸುವ ಟರ್ಫ್ ಕ್ಲಬ್ಬಿನವರು ಅರ್ಜಿದಾರನ ಗುರುತು, ಆದಾಯದ ಮೂಲ ಮತ್ತು ಹಿನ್ನೆಲೆಯನ್ನು ವಿಚಾರಿಸಿ ನೋಂದಾಯಿಸಬೇಕು, ಪಾಲುದಾರಿಕೆಯ ಪತ್ರವನ್ನೂ ಲೀಸಿನ ಕರಾರನ್ನೂ ಅವರಲ್ಲಿ ದಾಖಲಿಸಬೇಕು. ಜಾಕಿ ಧರಿಸುವ ಅಂಗಿ ಟೋಪಿಯ ಬಣ್ಣಗಳು ಮತ್ತೊಬ್ಬರದನ್ನು ಹೋಲದಂತೆ ಆರಿಸಿ ನೋಂದಾಯಿಸಬೇಕು. ಹೆಸರು ಇಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ, ಖಾಲಿ ಜಾಗವೂ ಸೇರಿ 18ನ್ನು ಮೀರಬಾರದು. ನಾವು ಆಸೆಪಟ್ಟು ಬರೆದ ಮೊದಲ ಹೆಸರುಗಳು ಆಗಲೇ ಬಳಕೆಯಲ್ಲಿದ್ದುದರಿಂದ ಪಟ್ಟಿಯ ಕೊನೆಯಲ್ಲಿದ್ದ, ಯಾರಿಗೂ ಅಷ್ಟಾಗಿ ಹಿಡಿಸದ ಹೆಸರೇ ಉಳಿಯಿತು.

ಇದಕ್ಕಿಂತ ಮುಖ್ಯವಾದದ್ದು ಪಾಲುದಾರರ ನಡುವಿನ ಪತ್ರ. ಕ್ಲಬ್ಬಿಗೆ ಕೊಡುವ ಪತ್ರದಲ್ಲಿ ಯಾರ ಪಾಲು ಎಷ್ಟೆಂದು ಇರುತ್ತದೆ. ಒಬ್ಬರು ತಿಂಗಳ ಹಣ ಕಟ್ಟದಿದ್ದರೆ ಏನು, ಒಬ್ಬರು ಹೊರಗೆ ಹೋಗಬೇಕೆಂದರೆ ಪಾಲನ್ನು ಯಾರಿಗೆ ಕೊಡಬೇಕು, ಶಸ್ತ್ರಚಿಕಿತ್ಸೆ ಬೇಕಾದಾಗ ತೀರ್ಮಾನ ಯಾರದು ಎಂಬುದು ಅದರಲ್ಲಿ ಇರುವುದಿಲ್ಲ. ನಾವು ಅದನ್ನು ಪ್ರತ್ಯೇಕವಾಗಿ ಬರೆದುಕೊಂಡೆವು. ಟ್ರೇನರ್ ಜೊತೆ ಮಾತನಾಡುವುದು ಒಬ್ಬರೇ ಎಂದೂ ನಿಶ್ಚಯಿಸಿಕೊಂಡೆವು. ನಾಲ್ವರು ಮಾಲೀಕರು ಬೆಳಿಗ್ಗೆ ನಾಲ್ಕು ಸಲ ಫೋನ್ ಮಾಡಿ ಒಂದೇ ಕುದುರೆಯ ಆರೋಗ್ಯ ವಿಚಾರಿಸಿದರೆ ಯಾವ ಟ್ರೇನರಿಗಾದರೂ ಬೇಸರ ಬರುವುದು ಸಹಜ.

ಟ್ರೇನರ್ ಆಯ್ಕೆಯ ವಿಷಯದಲ್ಲಿ ಹೊಸಬರು ದೊಡ್ಡ ಹೆಸರಿನ ಹಿಂದೆ ಹೋಗುತ್ತಾರೆ. ದೊಡ್ಡ ಲಾಯದಲ್ಲಿ ಅನುಭವ, ಒಳ್ಳೆಯ ಜಾಕಿಗಳು ಎಲ್ಲವೂ ಇರುತ್ತವೆ. ಆದರೆ ಅಲ್ಲಿ ಕೋಟಿ ಬೆಲೆಯ ಕುದುರೆಗಳ ನಡುವೆ ನಿಮ್ಮ ಸಾಧಾರಣ ಕುದುರೆ ಎಷ್ಟನೆಯ ಸಾಲಿನಲ್ಲಿ ನಿಲ್ಲುತ್ತದೆಂದು ಯೋಚಿಸಬೇಕು. ನಾವು ಆರಿಸಿದವರದು ಬೆಂಗಳೂರಿನಲ್ಲಿ ಮಧ್ಯಮ ಗಾತ್ರದ ಲಾಯ. ಮೊದಲ ಭೇಟಿಯಲ್ಲಿಯೇ ಹಿಂದಿನ ತಿಂಗಳ ಒಂದು ಬಿಲ್ಲನ್ನು, ಮಾಲೀಕರ ಹೆಸರು ಮುಚ್ಚಿ, ತೋರಿಸಬಹುದೇ ಎಂದು ಕೇಳಿದೆ. ಅವರು ನಕ್ಕು, “ಸಾರ್, ಇದನ್ನ ಮೊದಲೇ ಕೇಳಿದವರು ಕಡಿಮೆ. ತಿಂಗಳ ಕೊನೇಲಿ ಜಗಳ ಆಡೋದು ಎಲ್ಲರೂ” ಎಂದು ಹೇಳಿ ತೋರಿಸಿದರು.

ಆ ಬಿಲ್ಲು ಓದುವುದೇ ಒಂದು ಪಾಠ. ಟ್ರೇನಿಂಗ್ ಶುಲ್ಕದ ಸಾಲು ಮೊದಲಿಗಿರುತ್ತದೆ. ಅದರ ಕೆಳಗೆ ಲಾಳ ಕಟ್ಟುವವರ ಕೂಲಿ. ಮೂರು ನಾಲ್ಕು ವಾರಕ್ಕೊಮ್ಮೆ ಲಾಳ ಬದಲಿಸಬೇಕು, ರೇಸಿಗೆ ಹಗುರವಾದ ಅಲ್ಯೂಮಿನಿಯಂ ಲಾಳವೇ ಬೇರೆ. ವೈದ್ಯರ ಶುಲ್ಕ, ಔಷಧಿ, ರಕ್ತಪರೀಕ್ಷೆ, ಜಂತುನಾಶಕ, ಧನುರ್ವಾಯು ಮತ್ತು ಕುದುರೆ ಇನ್‌ಫ್ಲುಯೆಂಜಾದ ಲಸಿಕೆ. 2008ರಲ್ಲಿ ಈ ಇನ್‌ಫ್ಲುಯೆಂಜಾ ದೇಶದ ಲಾಯಗಳಿಗೆ ಹಬ್ಬಿ ರೇಸುಗಳನ್ನೇ ನಿಲ್ಲಿಸಬೇಕಾಗಿ ಬಂದುದನ್ನು ಕಂಡವರು ಲಸಿಕೆಯ ಸಾಲಿನ ಬಗ್ಗೆ ತಕರಾರು ಮಾಡುವುದಿಲ್ಲ. ಮೈಸೂರಿಗೆ ಓಡಲು ಹೋದರೆ ಸಾಗಣೆಯ ವೆಚ್ಚ, ಓಡಿದ ದಿನ ರೇಸಿನ ಪ್ರವೇಶ ಶುಲ್ಕ ಮತ್ತು ಜಾಕಿಯ ಶುಲ್ಕ. ಎಲ್ಲ ಸೇರಿ ನಮ್ಮ ಕುದುರೆಗೆ ತಿಂಗಳಿಗೆ ಅರ್ಧ ಲಕ್ಷದ ಆಸುಪಾಸು ಬೀಳುತ್ತಿತ್ತು. ಏಟು ಬಿದ್ದ ತಿಂಗಳಲ್ಲಿ ಅದಕ್ಕಿಂತ ಹೆಚ್ಚು.

450 ಕಿಲೋ ತೂಗುವ, ದಿನವೂ ಓಡುವ ಪ್ರಾಣಿಗೆ ದಿನಕ್ಕೆ ಹತ್ತು ಕಿಲೋದಷ್ಟು ಆಹಾರ ಬೇಕು: ಓಟ್ಸ್, ಬಾರ್ಲಿ, ಗೋಧಿ ಬೂಸಾ, ಒಣಹುಲ್ಲು, ಹಸಿ ಕುದುರೆಮೆಂತೆ. ನಮ್ಮ ಕುದುರೆಯ ಸೈಸ್, ಅಂದರೆ ಅದನ್ನು ನೋಡಿಕೊಳ್ಳುವ ಕೆಲಸಗಾರ, ಬೆಳಗಿನ ಜಾವ ಬಂದು ಮೊದಲು ಮಾಡುತ್ತಿದ್ದ ಕೆಲಸ ಮೇವಿನ ತೊಟ್ಟಿಯೊಳಗೆ ಕೈಯಾಡಿಸುವುದು. ರಾತ್ರಿ ಹಾಕಿದ ಕಾಳು ಉಳಿದಿದ್ದರೆ ಆ ಸುದ್ದಿ ಟ್ರೇನರಿಗೆ ಹೋಗುವ ಮುಂಚೆ ಕುದುರೆ ಲಾಯ ಬಿಟ್ಟು ಹೊರಡುತ್ತಿರಲಿಲ್ಲ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆಶೂಲೆ ಬಂತೆಂದರೆ ಕೆಲವು ಗಂಟೆಗಳಲ್ಲಿ ಪ್ರಾಣಕ್ಕೆ ಬರಬಹುದು. ತೊಟ್ಟಿಯ ನಂತರ ಅವನ ಕೈ ಮುಂಗಾಲಿನ ಹಿಂಬದಿಯ ಟೆಂಡನ್ (ಸ್ನಾಯುರಜ್ಜು) ಮೇಲೆ ಮೇಲಿನಿಂದ ಕೆಳಕ್ಕೆ ಸವರಿಕೊಂಡು ಹೋಗುತ್ತಿತ್ತು. ಎರಡು ಕಾಲುಗಳ ಬಿಸಿಯಲ್ಲಿ ವ್ಯತ್ಯಾಸವಿದೆಯೇ ಎಂಬುದು ಅವನಿಗೆ ಅಂಗೈಯಲ್ಲಿಯೇ ತಿಳಿಯುತ್ತಿತ್ತು. ಮಾಲೀಕನಾಗಿ ಲಾಯಕ್ಕೆ ಹೋದಾಗ ಟ್ರೇನರಿಗೆ ಕೊಡುವ ಗಮನದಲ್ಲಿ ಅರ್ಧವನ್ನಾದರೂ ಸೈಸಿಗೆ ಕೊಡಬೇಕೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ನಮ್ಮನ್ನು ಹೆಚ್ಚು ಪರೀಕ್ಷಿಸಿದ್ದು ಕಾಯುವಿಕೆ. 2021ರ ಆರಂಭದಲ್ಲಿ ಲಾಯಕ್ಕೆ ಬಂದ ಕುದುರೆ ಮೊದಲ ಬಾರಿ ರೇಸಿನಲ್ಲಿ ಓಡಿದ್ದು 2022ರ ಬೇಸಿಗೆಯ ಋತುವಿನಲ್ಲಿ. ಜೀನು ಹಾಕಿಸಿಕೊಳ್ಳಲು, ಬೆನ್ನಿನ ಮೇಲೆ ಸವಾರನನ್ನು ಸಹಿಸಲು, ಗುಂಪಿನಲ್ಲಿ ಓಡಲು, ಸ್ಟಾರ್ಟಿಂಗ್ ಗೇಟಿನ ಇಕ್ಕಟ್ಟಿನಲ್ಲಿ ಶಾಂತವಾಗಿ ನಿಲ್ಲಲು ಕಲಿಸಬೇಕು. ಮೊಣಕಾಲಿನ ಮೂಳೆ ಬಲಿತಿದೆಯೇ ಎಂದು ಎಕ್ಸ್‌ರೇ ತೆಗೆಸಿದಾಗ ಇನ್ನೂ ಬಲಿತಿಲ್ಲವೆಂದು ಬಂತು. ಟ್ರೇನರ್ ವೇಗದ ಕೆಲಸವನ್ನು ಮುಂದೂಡಿದರು. ಆಮೇಲೆ ಎಳೆಯ ಕುದುರೆಗಳಿಗೆ ಸಾಮಾನ್ಯವಾಗಿ ಬರುವ ಮುಂಗಾಲಿನ ಮೂಳೆನೋವು ಕಾಣಿಸಿ ಮತ್ತೆ ವಿಶ್ರಾಂತಿ. ಆ ತಿಂಗಳುಗಳಲ್ಲಿ ಒಂದು ರೂಪಾಯಿಯ ಆದಾಯವೂ ಇಲ್ಲ, ಬಿಲ್ಲು ಮಾತ್ರ ಐದನೇ ತಾರೀಖಿಗೆ ತಪ್ಪದೆ ಬರುತ್ತಿತ್ತು. ಪಾಲುದಾರರಲ್ಲಿ ಒಬ್ಬರು “ಪಕ್ಕದ ಲಾಯದ ಕುದುರೆ ಆಗಲೇ ಓಡ್ತಿದೆಯಲ್ಲ” ಎಂದಾಗ ಟ್ರೇನರ್ ಬೇಸರಿಸಿಕೊಳ್ಳದೆ, “ಓಡಿಸಬಹುದು ಸಾರ್. ಎರಡು ಸಲ ಓಡಿಸಬಹುದು” ಎಂದಷ್ಟೇ ಹೇಳಿದರು. ಆ ಮಾತಿನ ನಂತರ ನಮ್ಮಲ್ಲಿ ಯಾರೂ ಅವಸರ ಮಾಡಲಿಲ್ಲ.

ಓಟ ಹತ್ತಿರ ಬಂದಾಗ ಬೆಳಗಿನ ಟ್ರ್ಯಾಕ್ ವರ್ಕ್ ನೋಡಲು ಬೆಂಗಳೂರಿಗೆ ಹೋಗುತ್ತಿದ್ದೆವು. ಪತ್ರಿಕೆಗಳಲ್ಲಿ ಬರುವ ಸಮಯದ ವರದಿಗಳನ್ನು ನಂಬಿ ಹಿಗ್ಗುವುದು ಬೇಡ. 600 ಮೀಟರನ್ನು 40 ಸೆಕೆಂಡಿನಲ್ಲಿ ಓಡಿತೆಂಬ ಸಾಲಿನಲ್ಲಿ ಬೆನ್ನ ಮೇಲೆ ಇದ್ದವನ ತೂಕವೆಷ್ಟು, ಅವನು ಕಡಿವಾಣ ಬಿಗಿಹಿಡಿದಿದ್ದನೇ ಎಂಬುದು ಇರುವುದಿಲ್ಲ. ಅಭ್ಯಾಸಕ್ಕೆಂದು ನಡೆಸುವ ಮಾಕ್ ರೇಸಿನಲ್ಲಿ ಬೇರೆ ಕುದುರೆಗಳ ಪಕ್ಕದಲ್ಲಿ ಅದು ಕಿವಿ ಹಿಂದಕ್ಕೆ ಮಡಚುತ್ತದೆಯೇ, ಮುಂದಕ್ಕೆ ನುಗ್ಗುತ್ತದೆಯೇ ಎಂಬುದು ಹೆಚ್ಚು ಹೇಳುತ್ತದೆ.

ಮೊದಲ ಓಟ 1,200 ಮೀಟರಿನದು. ರೇಸಿಗೆ ಮುನ್ನ ಕುದುರೆಗಳನ್ನು ನಡೆಸಿ ತೋರಿಸುವ ಪ್ಯಾಡಾಕಿನಲ್ಲಿ ಮಾಲೀಕರ ಬ್ಯಾಡ್ಜ್ ಧರಿಸಿ ನಿಂತಾಗ ಆದ ಹಿಗ್ಗು ಒಂದೂಕಾಲು ನಿಮಿಷದಲ್ಲಿ ಇಳಿಯಿತು. ಹಿಂದಿನಿಂದ ಎಣಿಸಿದರೆ ಬೇಗ ಸಿಗುವ ಸ್ಥಾನದಲ್ಲಿ ಬಂದಿತ್ತು. ಗೇಟು ತೆರೆದಾಗ ಬೆಚ್ಚಿತೆಂದು ಜಾಕಿ ಹೇಳಿದರು. ದೂರ ಹೆಚ್ಚಿಸಿದ ಮೇಲೆ ಅದರ ಓಟ ಸುಧಾರಿಸಿತು. ಮೊದಲ ಗೆಲುವು ಬಂದದ್ದು ಮೈಸೂರಿನಲ್ಲಿ, 1,400 ಮೀಟರಿನ ಒಂದು ಕೆಳದರ್ಜೆಯ ರೇಸಿನಲ್ಲಿ. ಆ ಸಂಜೆಯ ಸಂತೋಷವನ್ನು ವರ್ಣಿಸಲು ಹೋಗುವುದಿಲ್ಲ. ಮರುದಿನದ ಸಂಗತಿ ಹೊಸಬರಿಗೆ ಹೆಚ್ಚು ಉಪಯುಕ್ತ. ಗೆದ್ದ ಕುದುರೆಯ ರೇಟಿಂಗ್, ಅಂದರೆ ಅದರ ಸಾಮರ್ಥ್ಯಕ್ಕೆ ಕೊಡುವ ಅಂಕ, ಏರುತ್ತದೆ. ಹ್ಯಾಂಡಿಕ್ಯಾಪ್ ರೇಸುಗಳಲ್ಲಿ ಒಂದು ರೇಟಿಂಗ್ ಅಂಕಕ್ಕೆ ಅರ್ಧ ಕಿಲೋ ಲೆಕ್ಕದಲ್ಲಿ ಬೆನ್ನ ಮೇಲಿನ ಭಾರ ಏರುತ್ತದೆ, ಅಥವಾ ಕುದುರೆ ಮೇಲಿನ ದರ್ಜೆಗೆ ಹೋಗಿ ಬಲವಾದ ಎದುರಾಳಿಗಳನ್ನು ಎದುರಿಸಬೇಕಾಗುತ್ತದೆ. ಎಲ್ಲ ಕುದುರೆಗಳೂ ಒಟ್ಟಿಗೇ ಗುರಿ ಮುಟ್ಟುವಂತೆ ಮಾಡುವುದೇ ಈ ಭಾರವನ್ನು ನಿಗದಿ ಮಾಡುವ ಹ್ಯಾಂಡಿಕ್ಯಾಪರನ ಕೆಲಸವಾದ್ದರಿಂದ, ಸಾಧಾರಣ ಕುದುರೆ ಒಮ್ಮೆ ಗೆದ್ದು ಆಮೇಲೆ ಬಹಳ ಕಾಲ ಗೆಲ್ಲದಿರುವುದು ಯಾರ ಮೋಸವೂ ಅಲ್ಲ. ಹತ್ತು ಕುದುರೆ ಓಡುವ ರೇಸಿನಲ್ಲಿ ಗೆಲ್ಲುವುದು ಒಂದೇ. ವರ್ಷಕ್ಕೆ ಎಂಟು ಸಲ ಓಡುವ ಸರಾಸರಿ ಕುದುರೆಗೆ ವರ್ಷಕ್ಕೊಂದು ಗೆಲುವೂ ಪೂರ್ತಿ ಸಿಗುವುದಿಲ್ಲ. ಬಂದ ಬಹುಮಾನದಲ್ಲಿಯೂ ಟ್ರೇನರ್, ಜಾಕಿ, ಸ್ಟಡ್ ಫಾರಂ ಎಲ್ಲರ ಪಾಲು ಕಳೆದು ಉಳಿದದ್ದನ್ನು ನಾವು ನಾಲ್ವರು ಹಂಚಿಕೊಳ್ಳಬೇಕಿತ್ತು.

ಇಲ್ಲಿ ನನ್ನ ವೃತ್ತಿಯ ಮಾತು ಒಂದಿಷ್ಟು. ರೇಸ್ ಕುದುರೆ ಸಾಕುವುದರಲ್ಲಿ ಆದ ನಷ್ಟವನ್ನು ನಿಮ್ಮ ಸಂಬಳದ ಅಥವಾ ವ್ಯಾಪಾರದ ಆದಾಯದಿಂದ ಕಳೆಯಲು ತೆರಿಗೆ ಕಾಯ್ದೆ ಬಿಡುವುದಿಲ್ಲ. ಅದೇ ಚಟುವಟಿಕೆಯಿಂದ ಬಂದ ಆದಾಯದ ಎದುರು ಮಾತ್ರ ಹೊಂದಿಸಬಹುದು, ಮುಂದಿನ ನಾಲ್ಕು ವರ್ಷಗಳವರೆಗೆ ಮಾತ್ರ ಕೊಂಡೊಯ್ಯಬಹುದು. ಆದ್ದರಿಂದ ಮೊದಲ ದಿನದಿಂದಲೇ ಪ್ರತಿ ಬಿಲ್ಲನ್ನೂ ಪ್ರತ್ಯೇಕ ಕಡತದಲ್ಲಿ ಇಡಬೇಕು. ಬಾಜಿಯ ಲೆಕ್ಕವನ್ನು ಇದರೊಳಗೆ ಬೆರೆಸಲೇಬಾರದು. ಕುದುರೆ ಓಟ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1996ರಲ್ಲಿಯೇ ಹೇಳಿದೆ, ಮಾಲೀಕ ತನ್ನ ಕುದುರೆಯ ಮೇಲೆ ಬಾಜಿ ಕಟ್ಟಲು ಅಡ್ಡಿಯೂ ಇಲ್ಲ. ಆದರೂ ಲಾಯದ ಬಿಲ್ಲನ್ನು ಬಾಜಿಯಲ್ಲಿ ಗೆದ್ದು ಕಟ್ಟುತ್ತೇನೆಂದು ಹೊರಟವರ ಲೆಕ್ಕಪತ್ರಗಳನ್ನು ನಾನು ಕಚೇರಿಯಲ್ಲಿ ನೋಡಿದ್ದೇನೆ. ಬಾಜಿಯ ಮೇಲಿನ ಜಿಎಸ್‌ಟಿ ಶೇಕಡಾ 28 ಇದ್ದದ್ದು 2025ರ ಸೆಪ್ಟೆಂಬರಿನಿಂದ 40 ಆಗಿದೆ. ಬಾಜಿ ಕಟ್ಟದ ಮಾಲೀಕನಿಗೂ ಇದು ಸಂಬಂಧಿಸಿದ್ದೇ, ಏಕೆಂದರೆ ಕ್ಲಬ್ಬುಗಳು ಕೊಡುವ ಬಹುಮಾನದ ಹಣದ ದೊಡ್ಡ ಮೂಲ ಬಾಜಿಯ ವಹಿವಾಟೇ.

ಓಟಗಳೇ ನಡೆಯದ ಕಾಲವೂ ಬರುತ್ತದೆ. 2020ರಲ್ಲಿ ಕೋವಿಡ್ ಕಾರಣದಿಂದ ನಿಂತದ್ದನ್ನು ಹಳೆಯ ಮಾಲೀಕರು ನಮಗೆ ಹೇಳಿದ್ದರು. 2024ರ ಬೇಸಿಗೆಯಲ್ಲಿ ಪರವಾನಗಿಯ ಪ್ರಶ್ನೆ ಹೈಕೋರ್ಟಿನ ಮುಂದಿದ್ದಾಗ ಬೆಂಗಳೂರಿನಲ್ಲಿ ಓಟ ನಿಂತದ್ದನ್ನು ನಾವೇ ಕಂಡೆವು. ಕುದುರೆಗೆ ಆಗ ಐದು ವರ್ಷ, ಓಡುವ ಹದ. ಓಟವಿಲ್ಲವೆಂದು ಅದರ ವ್ಯಾಯಾಮವನ್ನಾಗಲಿ ಮೇವನ್ನಾಗಲಿ ನಿಲ್ಲಿಸಲು ಬರುವುದಿಲ್ಲ. ಕನಿಷ್ಠ ಒಂದು ವರ್ಷದ ಖರ್ಚನ್ನು ಯಾವ ಗೆಲುವನ್ನೂ ನಂಬದೆ ಬದಿಗಿಟ್ಟು ಪ್ರವೇಶಿಸಬೇಕೆಂದು ನಾನು ಕೇಳಿದವರಿಗೆಲ್ಲ ಹೇಳುವುದು ಈ ಅನುಭವದಿಂದ.

ಆ ವರ್ಷದ ಕೊನೆಯಲ್ಲಿ ಒಂದು ಬೆಳಿಗ್ಗೆ ಸೈಸ್ ಎಡ ಮುಂಗಾಲು ಸವರಿ, “ಬಿಸಿ ಇದೆ ಸಾರ್” ಎಂದ. ಬರಿಗಣ್ಣಿಗೆ ಊತ ಕಾಣುತ್ತಿರಲಿಲ್ಲ. ಸ್ಕ್ಯಾನ್ ಮಾಡಿದಾಗ ಟೆಂಡನಿನ ಎಳೆಗಳು ಸ್ವಲ್ಪ ಹರಿದಿದ್ದವು. ಇಂಥ ಗಾಯ ವಾಸಿಯಾಗಲು ಆರು ತಿಂಗಳಿನಿಂದ ಒಂದು ವರ್ಷ ಬೇಕು, ವಾಸಿಯಾದರೂ ಅದೇ ಜಾಗ ಮತ್ತೆ ಹರಿಯುವ ಸಾಧ್ಯತೆ ಹೆಚ್ಚು. ಆರು ವರ್ಷಕ್ಕೆ ಕಾಲಿಡುತ್ತಿದ್ದ ಹೆಣ್ಣು ಕುದುರೆಯನ್ನು ಮತ್ತೆ ಓಡಿಸಲು ಹೋಗುವುದಕ್ಕಿಂತ ಲೀಸು ಮುಗಿಸುವುದು ಸರಿಯೆಂದು ನಾಲ್ವರೂ ಒಪ್ಪಿದೆವು. ಒಟ್ಟು ಲೆಕ್ಕ ತೆಗೆದಾಗ ಬಹುಮಾನದ ಹಣ ನಮ್ಮ ಖರ್ಚಿನ ಅರ್ಧವನ್ನೂ ಮುಟ್ಟಿರಲಿಲ್ಲ. ಇದು ಕೆಟ್ಟ ಫಲಿತಾಂಶವಲ್ಲವೆಂದು ಟ್ರೇನರ್ ಹೇಳಿದರು, ಬೇರೆ ಮಾಲೀಕರ ಲೆಕ್ಕ ನೋಡಿದ ಮೇಲೆ ನಾನೂ ಒಪ್ಪುತ್ತೇನೆ. ಕುದುರೆ ಫಾರಂಗೆ ಹಿಂತಿರುಗಿ ಈಗ ತಾಯಿ ಕುದುರೆಗಳ ಸಾಲಿನಲ್ಲಿದೆ.

ಹೆಣ್ಣು ಕುದುರೆಗೆ ಈ ದಾರಿ ಇದೆ. ಬೀಜ ಒಡೆದ ಗಂಡು ಕುದುರೆಗೆ, ಅಂದರೆ ಗೆಲ್ಡಿಂಗಿಗೆ, ಇಲ್ಲ. ಓಟ ನಿಂತಾಗ ಅದಕ್ಕೆ ಏಳೋ ಎಂಟೋ ವರ್ಷ. ಬದುಕು ಇನ್ನೂ ಹದಿನೈದು ಇಪ್ಪತ್ತು ವರ್ಷ ಇರಬಹುದು. ಒಳ್ಳೆಯ ಸವಾರಿ ಶಾಲೆಯಲ್ಲಿ ಜಾಗ ಸಿಕ್ಕರೆ ಅದೃಷ್ಟ; ಸಿಗದಿದ್ದರೆ ಯಾರ ಕೈಗೆ ಹೋಗುತ್ತದೆಂದು ವಿಚಾರಿಸದೆ ಕೊಟ್ಟುಬಿಡುವವರು ಇದ್ದಾರೆ, ಇಡೀ ವ್ಯವಹಾರದಲ್ಲಿ ನನಗೆ ಒಪ್ಪಲಾಗದ ಭಾಗ ಇದೊಂದೇ. ಈಗ ನಾವು ನೋಡುತ್ತಿರುವುದು ಅಂಥದೇ ಒಂದು ಗೆಲ್ಡಿಂಗನ್ನು, ಈ ಬಾರಿ ಲೀಸಿಗಲ್ಲ, ಕ್ರಯಕ್ಕೆ. ಪಾಲುದಾರಿಕೆಯ ಹೊಸ ಪತ್ರದಲ್ಲಿ ಒಂದು ಕಲಂ ಸೇರಿಸಿದ್ದೇವೆ: ಪ್ರತಿ ತಿಂಗಳ ಬಿಲ್ಲಿನ ಜೊತೆಗೆ ಅದರ ಹತ್ತನೇ ಒಂದು ಭಾಗವನ್ನು ಜಂಟಿ ಖಾತೆಗೆ ಕಟ್ಟಬೇಕು, ಕುದುರೆ ಓಟ ನಿಲ್ಲಿಸಿದ ಮೇಲೆ ಅದನ್ನು ಇರಿಸುವ ಜಾಗದ ಖರ್ಚಿಗೆ ಮಾತ್ರ ಆ ಹಣ ಬಳಸಬೇಕು, ಎಲ್ಲ ಪಾಲುದಾರರ ಲಿಖಿತ ಒಪ್ಪಿಗೆಯಿಲ್ಲದೆ ಕುದುರೆಯನ್ನು ಯಾರಿಗೂ ಕೊಡುವಂತಿಲ್ಲ. ಗೆಳೆಯರಲ್ಲಿ ಒಬ್ಬರು ಈ ಕಲಂಗೆ ಒಪ್ಪದೆ ಹೊರಗುಳಿದಿದ್ದಾರೆ. ಉಳಿದ ಮೂವರು ಸಹಿ ಹಾಕಿದ್ದೇವೆ. ಮೊಣಕಾಲಿನ ಎಕ್ಸ್‌ರೇ ಬಂದ ಮೇಲೆ ಬೆಲೆಯ ಮಾತು.